ಹೆದರದ ಮಾವನ ಅಫಿಡವಿಟ್ಟು

ನಮ್ಮ ಮಾವ ಈ ಭೂಮಿಯ ಮೇಲೆ ಹೆದರುತ್ತಿದ್ದುದು ಒಂದಕ್ಕೇ: ‘ಇವರು ಹೆದರಿದರು’ ಎಂದು ಯಾರಾದರೂ ಅಂದುಬಿಟ್ಟಾರು ಎಂಬುದಕ್ಕೆ. ಅದೊಂದು ಬಿಟ್ಟರೆ ಆನೆಗಿಲ್ಲ, ಚಿರತೆಗಿಲ್ಲ, ಪೊಲೀಸರಿಗಿಲ್ಲ, ಸಕ್ಕರೆ ಕಾಯಿಲೆಗಿಲ್ಲ. ಹಾಗೆಂದು ಅವರೇ ಹೇಳಿಕೊಳ್ಳುತ್ತಿದ್ದರು. ಬೇರೆಯವರಿಗೆ ಬಾಯಿ ಬಿಡಲು ಅವರು ಅವಕಾಶವನ್ನೇ ಕೊಡುತ್ತಿರಲಿಲ್ಲವಲ್ಲ!

ಮಾವ ಎಂದರೆ ನನ್ನ ತಾಯಿಯ ಒಡಹುಟ್ಟಿದ ತಮ್ಮ. ಗೆಟ್ಟವಾಡಿಯ ಆಚೆ, ಕಾಡಿನ ಅಂಚಿಗೆ ಅವರ ಜಮೀನು. ಮಳೆಯನ್ನು ನಂಬಿ ರಾಗಿ ಬಿತ್ತುವ ಕೆಂಪು ನೆಲ ಸ್ವಲ್ಪ, ಬಾವಿಯ ನೀರಿನಲ್ಲಿ ಕೋಸು, ಬೆಳ್ಳುಳ್ಳಿ, ಚೆಂಡುಹೂವು ಬೆಳೆಯುವ ನೆಲ ಸ್ವಲ್ಪ. ಈ ಎರಡನೆಯದನ್ನು ನಾವು ‘ಬಾವಿ ಹೊಲ’ ಎನ್ನುತ್ತೇವೆ. ಮನೆ ನಡೆಯುವುದೆಲ್ಲ ಅದರಿಂದಲೇ. ಮಾವ, ಅತ್ತೆ ಇಬ್ಬರಿಗೂ ಮಕ್ಕಳಿಲ್ಲದ್ದರಿಂದ ಆ ಮನೆಗೆ ನಾನೇ ಮಗಳು, ನಾನೇ ಸೊಸೆ, ಆಗಾಗ ನಾನೇ ಪಂಚಾಯತಿಯೂ. ನಮ್ಮದು ಕನ್ನಡದ ಸೀಮೆ, ಆದರೆ ಸರ್ಕಾರ ತಮಿಳುನಾಡಿನದು. ತಾಳವಾಡಿಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಜೆರಾಕ್ಸ್ ತೆಗೆಸುವುದಕ್ಕಿಂತ ಹೆಚ್ಚಾಗಿ ಜನ ನನ್ನ ಬಳಿ ತಮಿಳು, ಇಂಗ್ಲಿಷ್ ಕಾಗದಗಳನ್ನು ಓದಿಸಿಕೊಳ್ಳಲು ಬರುತ್ತಾರೆ. ಓದಿದ್ದಕ್ಕೆ ದುಡ್ಡಿಲ್ಲ, ಆಶೀರ್ವಾದ ಮಾತ್ರ.

ಮಾವನ ಧೈರ್ಯದ ಕಥೆಗಳಲ್ಲಿ ಮೊದಲನೆಯದು ಆನೆಯದು. ಹೊಲಕ್ಕೆ ಆನೆ ಬಂದರೆ ಊರಿನವರು ತಮಟೆ ಬಾರಿಸುತ್ತಾರೆ, ಪಟಾಕಿ ಹೊಡೆಯುತ್ತಾರೆ. ಮಾವ ಹಾಗಲ್ಲ. ಕಾವಲಿನ ಅಟ್ಟಣೆಯ ಮೇಲೆ ನಿಂತು ಅದಕ್ಕೆ ಬುದ್ಧಿ ಹೇಳುತ್ತಾರೆ. ಅದೂ ತಮಿಳಿನಲ್ಲಿ! ಮನೆಯಲ್ಲಿ, ಊರಿನಲ್ಲಿ, ದೇವರ ಮುಂದೆ ಕನ್ನಡವನ್ನೇ ಆಡುವ ಮನುಷ್ಯ ಆನೆಯ ಮುಂದೆ ಮಾತ್ರ ಯಾಕೆ ಹೀಗೆ ಎಂದು ನಾನು ಒಮ್ಮೆ ಕೇಳಿದ್ದೆ.

“ಆನ ಫಾರೆಸ್ಟ್‌ನೋರ್ದು ಕಣವ್ವ. ಗೌರ್ಮೆಂಟ್ ಪ್ರಾಣಿ. ಗೌರ್ಮೆಂಟ್‌ಗ ತಮಿಳ್ನಲ್ಲೇ ಏಳ್ಬೇಕು,” ಎಂದರು ಮಾವ.

ಎಷ್ಟು ಹೇಳಿದರೂ ಕದಲದೆ ಕೋಸು ತಿನ್ನುತ್ತಾ ನಿಂತ ಆನೆಗಳೂ ಇದ್ದವು. ಅವು ಗಡಿಯ ಆಚೆಯಿಂದ ಬಂದವು, ಅವಕ್ಕೆ ತಮಿಳು ತಿಳಿಯದು ಎಂಬುದು ಮಾವನ ತೀರ್ಮಾನ. ಅಂಥವುಗಳಿಗೆ ಕನ್ನಡದಲ್ಲಿ ಹೇಳಿ ನೋಡಬಾರದಿತ್ತೇ ಎಂದರೆ, ಆ ಹೊತ್ತಿಗೆ ತಮಗೆ ಚಳಿ ಹತ್ತಿತ್ತು, ಮನೆಗೆ ಬಂದೆ ಎನ್ನುತ್ತಿದ್ದರು. ಮಾವನ ನಿಘಂಟಿನಲ್ಲಿ ಹೆದರಿಕೆ ಎಂಬ ಪದವೇ ಇರಲಿಲ್ಲ. ಅದರ ಜಾಗದಲ್ಲಿ ಬೇರೆ ಬೇರೆ ಪದಗಳು ಕೂಲಿ ಮಾಡುತ್ತಿದ್ದವು. ಆನೆ ಬಂದರೆ ಆಗುವುದು ಚಳಿ. ಸೂಜಿ ಕಂಡರೆ ಆಗುವುದು ಬೇಜಾರು. ಚಾಮರಾಜನಗರದಲ್ಲಿ ಹಲ್ಲು ಕೀಳಿಸಲು ಕುರ್ಚಿಯ ಮೇಲೆ ಕೂತವರು ಡಾಕ್ಟರು ಇಕ್ಕಳ ಎತ್ತಿಕೊಂಡ ಕೂಡಲೇ ಎದ್ದು ಬಂದಿದ್ದರು. ಆ ಕ್ಷಣದಲ್ಲಿ ಅವರಿಗೆ ಎಮ್ಮೆಗೆ ನೀರು ಕುಡಿಸಿಲ್ಲವೆಂಬುದು ನೆನಪಾಯಿತಂತೆ. ಎಮ್ಮೆಯನ್ನು ಮಾರಿ ಆಗಲೇ ವರ್ಷವಾಗಿತ್ತು!

ಗುಮಟಾಪುರದ ಗೊರೆ ಹಬ್ಬದ ಕಥೆ ಇನ್ನೊಂದು. ದೀಪಾವಳಿಯಾದ ಮೇಲೆ ಬೀರೇಶ್ವರನ ಗುಡಿಯ ಬಳಿ ಸಗಣಿಯ ರಾಶಿ ಹಾಕಿ ಗಂಡಸರೆಲ್ಲ ಒಬ್ಬರಿಗೊಬ್ಬರು ಉಂಡೆ ಕಟ್ಟಿ ಎಸೆಯುವುದು ನಿಮಗೂ ಗೊತ್ತಿರಬಹುದು. ಎಸೆಸಿಕೊಂಡವನು ಮುಖ ಮುಚ್ಚಿಕೊಳ್ಳುತ್ತಾನೆ, ಕಣ್ಣು ಮುಚ್ಚಿಕೊಳ್ಳುತ್ತಾನೆ. ಅದು ಲೋಕದ ರೂಢಿ. ಮಾವ ಮಾತ್ರ ಉಂಡೆ ಬರುತ್ತಿದ್ದರೂ ರೆಪ್ಪೆ ಮಿಟುಕಿಸದೆ ನಿಲ್ಲುತ್ತಾರೆ ಎಂಬುದು ಸುತ್ತಲ ಹಳ್ಳಿಗಳಲ್ಲೆಲ್ಲ ಪ್ರಸಿದ್ಧಿ. ಪ್ರಸಿದ್ಧಿಯ ಮಾರನೆಯ ದಿನ ಅವರ ಎರಡು ಕಣ್ಣೂ ಟೊಮೆಟೊ ಹಣ್ಣಾಗಿರುತ್ತಿದ್ದವು. ಅತ್ತೆ ಏನೂ ಕೇಳದೆ ಹತ್ತಿ ಅದ್ದಿ ಅದ್ದಿ ಒರೆಸುತ್ತಿದ್ದಳು. ಧೂಳು ಬಿದ್ದಿದೆ ಎಂದು ಮಾವ ಹೇಳುತ್ತಿದ್ದರು. ಅತ್ತೆ ಹೂಂ ಎನ್ನುತ್ತಿದ್ದಳು.

ಅತ್ತೆಯ ವಿಷಯ ಹೇಳಬೇಕೆಂದರೆ ಅವಳು ಆ ‘ಹೂಂ’ ಒಂದರಲ್ಲೇ ಸಂಸಾರ ಮಾಡಿದವಳು. ಮಾವ ನೂರು ಮಾತಾಡಿದರೆ ಅವಳದು ಒಂದು ಹೂಂ. ಆನೆಯ ಕಥೆಗೆ ಹೂಂ, ಹಲ್ಲಿನ ಕಥೆಗೆ ಹೂಂ, ಎಮ್ಮೆಗೂ ಹೂಂ. ಪಾಪದವಳು, ಗಂಡ ಹೇಳಿದ್ದನ್ನೆಲ್ಲ ನಂಬುತ್ತಾಳೆ ಎಂದು ನಾನು ತಿಳಿದಿದ್ದೆ. ಮಾವನೂ ಹಾಗೇ ತಿಳಿದಿದ್ದರು.

ಇನ್ನು ಮಾವನ ಜೀಪು. ಅದಕ್ಕೆ ಎಲ್ಲ ಇತ್ತು, ಹಾರ್ನ್ ಇರಲಿಲ್ಲ. ಕೆಟ್ಟುಹೋಗಿದ್ದನ್ನು ಅವರು ಸರಿ ಮಾಡಿಸಿರಲಿಲ್ಲ. ಎದುರಿಗೆ ಬರುವವನಿಗೆ ದಾರಿ ಬಿಡು ಎಂದು ಕೂಗುವುದು ಹೇಡಿಗಳ ಲಕ್ಷಣವಂತೆ. ನಮ್ಮ ಊರಿನಿಂದ ಕೆಳಗೆ ಸತ್ಯಮಂಗಲಕ್ಕೆ ಹೋಗಬೇಕೆಂದರೆ ದಿಂಬಂ ಘಾಟಿ ಇಳಿಯಬೇಕು. ಅಲ್ಲಿನ ತಿರುವುಗಳೆಂದರೆ ಲಾರಿಯ ಹಿಂಭಾಗ ಒಂದು ಜಿಲ್ಲೆ, ಮುಂಭಾಗ ಇನ್ನೊಂದು ಜಿಲ್ಲೆಯಲ್ಲಿರುವಂಥ ತಿರುವುಗಳು. ಅಂಥ ಕಡೆ ಮಾವ ಜೀಪಿನಿಂದ ತಲೆ ಹೊರಗೆ ಹಾಕಿ “ಬತ್ತಾವ್ನಿ!” ಎಂದು ಒಂದು ಸಲ ಕೂಗಿ ತಿರುಗಿಸುತ್ತಿದ್ದರು. ಇದು ಹಾರ್ನ್ ಅಲ್ಲವೇ ಎಂದರೆ, ಅಲ್ಲ, ಇದು ಸಮಾಚಾರ ಎನ್ನುತ್ತಿದ್ದರು. ಅವರ ಜೀಪಿನಲ್ಲಿ ಕೂತವರೆಲ್ಲ ಘಾಟಿಯ ಬುಡದಲ್ಲಿರುವ ಬಣ್ಣಾರಿ ಅಮ್ಮನಿಗೆ ಹರಕೆ ಹೊತ್ತುಕೊಂಡೇ ಇಳಿಯುತ್ತಿದ್ದೆವು.

ಇಂಥ ಮಾವ ಒಂದು ದಿನ ಜೀಪಿಗೆ ಹೊಸ ಹಾರ್ನ್ ಹಾಕಿಸಿಕೊಂಡು ನನ್ನ ಅಂಗಡಿಯ ಮುಂದೆ ನಿಲ್ಲಿಸಿದರು. ಅತ್ತೆಯ ಒಂದು ಕಣ್ಣಿಗೆ ಪೊರೆ ತೆಗೆಸಿಕೊಂಡು ಸತ್ಯಮಂಗಲದಿಂದ ಬಂದ ಮಾರನೆಯ ವಾರ ಅದು. ಆಮೇಲಿನಿಂದ ನೋಡುತ್ತೇನೆ, ಘಾಟಿಯಿರಲಿ, ಊರ ಮುಂದಿನ ನೇರ ರಸ್ತೆಯಲ್ಲೂ ಮಾವನ ಹೆಬ್ಬೆರಳು ಹಾರ್ನಿನ ಮೇಲೇ ಇರುತ್ತಿತ್ತು. ಕೋಳಿ ಅಡ್ಡ ಬಂದರೂ ಹಾರ್ನ್, ನೆರಳು ಅಡ್ಡ ಬಂದರೂ ಹಾರ್ನ್. ವಯಸ್ಸಾಯಿತು, ಬುದ್ಧಿ ಬಂತು ಎಂದು ನಾನು ಸಂತೋಷಪಟ್ಟೆ. ಬಂದಿದ್ದು ಬುದ್ಧಿಯಲ್ಲ ಎಂಬುದು ತಿಳಿಯುವುದಕ್ಕೆ ಕೋರ್ಟಿನ ಕಾಗದ ಬರಬೇಕಾಯಿತು.

ಕಾಗದವನ್ನು ಮಾವ ಅಂಗಿಯ ಒಳಗೆ ಮಡಚಿಟ್ಟುಕೊಂಡು ಬಂದಿದ್ದರು. ಮದುವೆ ಕರೆಯೋಲೆ ಕೊಡುವವರಂತೆ ಮುಂದಿಟ್ಟು, ನಿಧಾನವಾಗಿ ಓದು, ಅವಸರವಿಲ್ಲ ಎಂದರು. ಓದಿದರೆ ಅದರಲ್ಲಿ ಇದ್ದುದೆಲ್ಲ ಅವಸರವೇ. ಘಾಟಿ ಇಳಿದ ಮೇಲೆ ಸಿಗುವ ಒಂದು ತರಕಾರಿ ಮಂಡಿಯ ಸಾಹುಕಾರ ಮಾವನ ಮೇಲೆ ದಾವೆ ಹೂಡಿದ್ದ. ಮಾವ ತನ್ನಿಂದ ದೊಡ್ಡ ಮೊತ್ತದ ಸಾಲ ಪಡೆದು ಪ್ರೋನೋಟು ಬರೆದುಕೊಟ್ಟಿದ್ದಾರೆ, ಈಗ ಬಡ್ಡಿ ಸಮೇತ ಕೊಡಿಸಬೇಕು ಎಂದು. ಮೊತ್ತವನ್ನು ನೋಡಿದರೆ ಬಾವಿ ಹೊಲ ಪೂರ್ತಿ ಹೋಗಿ, ಬಾವಿ ಮಾತ್ರ ಉಳಿಯುವ ಹಾಗಿತ್ತು.

ಆ ಸಾಹುಕಾರನನ್ನು ನಾನು ಬಲ್ಲೆ. ಒಂದು ಕಾಲದಲ್ಲಿ ನಮ್ಮ ಕಡೆಯ ಕೋಸೆಲ್ಲ ಅವನ ಮಂಡಿಗೇ ಇಳಿಯುತ್ತಿತ್ತು. ಒಣಗುತ್ತದೆ, ಕೊಳೆಯುತ್ತದೆ ಎಂದು ಮೂಟೆ ಮೂಟೆಗೂ ತೂಕದಲ್ಲಿ ಕಳೆಯುತ್ತಿದ್ದ. ಕೊಳೆಯದ ಕೋಸಿಗೂ ಕಳೆಯುವುದನ್ನು ಮಾವ ಮಂಡಿಯ ನಡುವೆಯೇ ನಿಂತು ಎಲ್ಲರಿಗೂ ಕೇಳುವ ಹಾಗೆ ಆಡಿ ತೋರಿಸಿದರು. ಮುಂದಿನ ಫಸಲಿಗೆ ಊರಿನ ಕೋಸು ಘಾಟಿ ಇಳಿಯುವುದನ್ನು ಬಿಟ್ಟು ಚಾಮರಾಜನಗರದ ದಾರಿ ಹಿಡಿಯಿತು. ಆ ಸಿಟ್ಟು ಅವನ ಹೊಟ್ಟೆಯಲ್ಲಿ ಇದ್ದೇ ಇತ್ತು. ಅಷ್ಟೇ ಅಲ್ಲ, ಕೊನೆಯ ಲೋಡಿನ ಬಾಕಿಯನ್ನು ಅವನೇ ಮಾವನಿಗೆ ಕೊಡಬೇಕಾಗಿತ್ತು!

ಸಾಲ ತೆಗೆದುಕೊಂಡಿರಾ ಎಂದು ಕೇಳಿದೆ. ಇಲ್ಲ ಎಂದರು. ಸಹಿ ನಿಮ್ಮದೇ ಹೌದಾ ಎಂದು ಕೇಳಿದೆ. ಹೌದು ಎಂದರು. ತೆಗೆದುಕೊಳ್ಳದ ಸಾಲಕ್ಕೆ ಯಾಕೆ ಸಹಿ ಹಾಕಿದಿರಿ ಎಂದು ಕೇಳಿದೆ.

“ಆಕ್ಬೇಕು ಅನ್ನುಸ್ತು, ಆಕ್ದಿ,” ಎಂದರು ಮಾವ.

ಜ್ವರ ಬಂದವರ ಮಾತಿನಂತಿತ್ತು ಅದು. ಮಾವನಿಗೆ ಒಂದು ಕಾಫಿ ತರಿಸಿ ಕೊಟ್ಟು ನಾನು ಮತ್ತೆ ಕಾಗದ ಓದಿದೆ. ಆಗಲೇ ಅದರ ಇನ್ನೊಂದು ಮುಖ ಕಂಡಿದ್ದು. ಇದು ಸಾಮಾನ್ಯ ದಾವೆಯಲ್ಲ. ಪ್ರೋನೋಟಿನಂಥ ಕಾಗದ ಇದ್ದರೆ ಹೂಡಬಹುದಾದ ಬೇಗ ಮುಗಿಸುವ ದಾವೆ. ಇದರಲ್ಲಿ ಪ್ರತಿವಾದಿ ಎದ್ದು ನಿಂತು ‘ಇದು ಸುಳ್ಳು’ ಎನ್ನುವ ಹಾಗಿಲ್ಲ. ಸುಳ್ಳು ಎನ್ನುವುದಕ್ಕೆ ನನಗೆ ಅನುಮತಿ ಕೊಡಿ ಎಂದು ಮೊದಲು ಕೋರ್ಟನ್ನು ಕೇಳಿಕೊಳ್ಳಬೇಕು. ಕೇಳುವುದಕ್ಕೂ ಇಷ್ಟೇ ದಿನ ಎಂಬ ಗಡುವಿದೆ. ಅನುಮತಿ ಸಿಗದಿದ್ದರೆ ಸಾಹುಕಾರ ಬರೆದದ್ದೇ ಸತ್ಯ. ಹುಟ್ಟಿದಾಗಿನಿಂದ ಯಾರ ಅಪ್ಪಣೆಯೂ ಇಲ್ಲದೆ ಮಾತಾಡಿಕೊಂಡು ಬಂದ ಮಾವ ಈಗ ಬಾಯಿ ತೆರೆಯುವುದಕ್ಕೇ ಅರ್ಜಿ ಹಾಕಬೇಕಾಗಿ ಬಂತು.

ಸತ್ಯಮಂಗಲದಲ್ಲಿ ನನಗೆ ಪರಿಚಯವಿದ್ದ ಒಬ್ಬ ವಕೀಲಮ್ಮನ ಬಳಿಗೆ ಮಾವನನ್ನು ಕರೆದುಕೊಂಡು ಹೋದೆ. ನೇಕಾರರ ಮನೆಯ ಹೆಣ್ಣುಮಗಳು, ಮನೆಯಲ್ಲಿ ಕನ್ನಡ, ಕೋರ್ಟಿನಲ್ಲಿ ತಮಿಳು. ತಾಳ್ಮೆಯವರು. ಅವರ ತಾಳ್ಮೆಗೆ ಅಂಥ ಪರೀಕ್ಷೆ ಅದುವರೆಗೆ ಬಂದಿರಲಾರದು.

ನಡೆದದ್ದನ್ನು ನಡೆದ ಹಾಗೆ ಹೇಳಿ ಎಂದರು ವಕೀಲಮ್ಮ. ಮಾವ ಹೇಳಿದರು. ಅತ್ತೆಯ ಕಣ್ಣಿನ ಆಪರೇಷನ್ ಮುಗಿಸಿಕೊಂಡು ಬರುವಾಗ, ದಾರಿಯಲ್ಲೇ ಇದೆಯಲ್ಲ, ಬಾಕಿ ಕೇಳಿ ಬರೋಣವೆಂದು ಮಂಡಿಯ ಮುಂದೆ ಜೀಪು ನಿಲ್ಲಿಸಿದರಂತೆ. ಅತ್ತೆ ಕಣ್ಣಿಗೆ ಕಟ್ಟು ಕಟ್ಟಿಸಿಕೊಂಡು ಮುಂದಿನ ಸೀಟಿನಲ್ಲೇ ಒರಗಿ ನಿದ್ದೆ ಹೋಗಿದ್ದಳು. ಮಂಡಿಯವರು ನಾಲ್ಕೈದು ಜನ ಬಂದು ಜೀಪಿನ ಬೀಗದ ಕೈ ಕಿತ್ತುಕೊಂಡರು. ಹೊತ್ತು ಮುಳುಗುತ್ತಿತ್ತು. ರಾತ್ರಿ ಫಾರೆಸ್ಟಿನವರು ಘಾಟಿಯ ಗೇಟು ಹಾಕಿದರೆ ಮತ್ತೆ ತೆಗೆಯುವುದು ಬೆಳಿಗ್ಗೆಯೇ. ಸಾಹುಕಾರ ಸ್ಟಾಂಪು ಅಂಟಿಸಿದ ಖಾಲಿ ಪ್ರೋನೋಟು ತಂದು ಬಾನೆಟ್ಟಿನ ಮೇಲಿಟ್ಟ. ನನ್ನ ವ್ಯಾಪಾರ ಕೆಡಿಸಿದ್ದಕ್ಕೆ ಇದು ನನ್ನ ಕೈಲಿರಲಿ ಎಂದ. ಅವರಲ್ಲೊಬ್ಬ, ಅತ್ತೆ ಕೂತಿದ್ದ ಕಡೆಗೆ ಹೋಗಿ ಕಿಟಕಿಗೆ ಕೈ ಊರಿ ನಿಂತ.

ಅಲ್ಲಿಗೆ ಮಾವ ನಿಲ್ಲಿಸಿದರು. ಆಮೇಲೆ ಎಂದು ವಕೀಲಮ್ಮ ಕೇಳಿದರು. ಆಮೇಲೆ ಸಹಿ ಹಾಕಿದೆ, ಬೀಗದ ಕೈ ಕೊಟ್ಟರು, ಬಂದೆವು ಎಂದರು. ಕಿಟಕಿಯ ಬಳಿ ನಿಂತವನು ಏನಂದ ಎಂದರೆ ಮಾವ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡತೊಡಗಿದರು.

ವಕೀಲಮ್ಮನಿಗೆ ಸಮಾಧಾನವಾಯಿತು. ಇದು ಬಲವಂತದ ಸಹಿ, ಒಳ್ಳೆಯ ತಕರಾರಿದೆ, ಅನುಮತಿ ಸಿಗುತ್ತದೆ ಎಂದರು. ಅಫಿಡವಿಟ್ಟಿಗೆಂದು ಬರೆದುಕೊಳ್ಳುತ್ತಾ, ಅವರು ಹೆದರಿಸಿದ್ದರಿಂದ ತಾವು ಹೆದರಿ ಸಹಿ ಹಾಕಿದಿರಿ, ಅಲ್ಲವೇ ಎಂದು ಕೇಳಿದರು.

“ಅವ್ರು ಎದುರ್ಸುದ್ರು,” ಎಂದರು ಮಾವ. “ನಾನು ಎದುರ್ನಿಲ್ಲ.”

ವಕೀಲಮ್ಮ ಪೆನ್ನು ಕೆಳಗಿಟ್ಟರು. ಹೆದರಿಸಿದರಷ್ಟೇ ಸಾಲದು, ಆ ಹೆದರಿಕೆಯಿಂದಲೇ ಸಹಿ ಬಿತ್ತು ಎಂದಾಗಬೇಕು, ಹೆದರಲಿಲ್ಲ ಎಂದರೆ ಇಷ್ಟಪಟ್ಟು ಹಾಕಿದಂತಾಯಿತು ಎಂದು ಬಿಡಿಸಿ ಹೇಳಿದರು. ಮಾವ ತಮ್ಮ ನಿಘಂಟನ್ನು ತೆರೆದರು. ಚಳಿಯಾಗುತ್ತಿತ್ತು ಎಂದು ಬರೆಯಿರಿ ಎಂದರು. ಸತ್ಯಮಂಗಲದಲ್ಲಿ ಚಳಿ! ನ್ಯಾಯಾಧೀಶರು ಫ್ಯಾನಿನ ಕೆಳಗೆ ಕೂತು ಕರವಸ್ತ್ರದಲ್ಲಿ ಕತ್ತು ಒರೆಸಿಕೊಳ್ಳುತ್ತಾ ಅದನ್ನು ಓದಬೇಕು. ಹಾಗಾದರೆ ಅವತ್ತು ಮನಸ್ಸು ಸರಿ ಇರಲಿಲ್ಲ ಎಂದು ಬರೆಯಿರಿ ಎಂದರು ಮಾವ. ಹಾಗೆ ಬರೆದರೆ ಬುದ್ಧಿಭ್ರಮಣೆಯ ಸರ್ಟಿಫಿಕೇಟು ಕೇಳುತ್ತಾರೆ ಎಂದರು ವಕೀಲಮ್ಮ. ಬೇಜಾರು? ಬೇಜಾರಾಗಿ ಯಾರೂ ಪ್ರೋನೋಟಿಗೆ ಸಹಿ ಹಾಕುವುದಿಲ್ಲ. ಎಮ್ಮೆಯ ವಿಷಯ ಬರುತ್ತದೇನೋ ಎಂದು ನಾನು ಕಾದೆ, ಪುಣ್ಯಕ್ಕೆ ಬರಲಿಲ್ಲ. ಆಗಲೇ ಪೊಲೀಸರಿಗೆ ದೂರು ಕೊಡಬೇಕಿತ್ತಲ್ಲ ಎಂದು ವಕೀಲಮ್ಮ ಕೊನೆಗೆ ಕೇಳಿದರೆ, ದೂರು ಕೊಟ್ಟರೆ ಹೆದರಿದ ಹಾಗೆ ಆಗುವುದಿಲ್ಲವೇ ಎಂದು ಇವರೇ ಅವರನ್ನು ಕೇಳಿದರು.

ವಕೀಲಮ್ಮ ಆ ಒಂದು ಸಾಲಿನ ಜಾಗ ಖಾಲಿ ಬಿಟ್ಟು ಉಳಿದದ್ದನ್ನೆಲ್ಲ ಬರೆದುಕೊಂಡರು. ಗಡುವಿನ ಒಳಗೆ ಯೋಚನೆ ಮಾಡಿ ಬನ್ನಿ ಎಂದರು.

ವಾಪಸು ಬರುವಾಗ ದಿಂಬಂನಲ್ಲಿ ಟೀ ಕುಡಿಯಲು ನಿಲ್ಲಿಸಿದೆವು. ನನಗೆ ಸಿಟ್ಟು ತಡೆಯಲಿಲ್ಲ. ಬಾವಿ ಹೊಲ ಹೋದರೆ ಅತ್ತೆ ಏನು ಉಣ್ಣಬೇಕು, ನಿಮ್ಮ ಮೀಸೆಯನ್ನು ಬೇಯಿಸಿಕೊಂಡು ತಿನ್ನಬೇಕೇ ಎಂದು ಕೇಳಿಬಿಟ್ಟೆ. ದೊಡ್ಡವರಿಗೆ ಆಡಬಾರದ ಮಾತು. ಮಾವ ಬೇಸರಪಟ್ಟುಕೊಳ್ಳಲಿಲ್ಲ. ಲೋಟವನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಘಾಟಿಯ ಕೆಳಗಿನ ಬಯಲನ್ನೇ ನೋಡುತ್ತಾ ಕೂತಿದ್ದರು.

“ಅದ್ರಲ್ಲಿ ನಾ ಎದುರ್ದಿ ಅಂತ ಬರುದ್ರ, ಯಾಕ ಎದುರ್ದಿ ಅಂತ್ಲೂ ಬರೀಬೇಕಲ್ವ?” ಎಂದರು.

ಬರೆಯಬೇಕು ಎಂದೆ.

“ಬರುದ್ರ ನಿಮ್ಮತ್ತಗ ಗೊತ್ತಾಯ್ತದಲ್ವ?”

ಮಾವ ಲೋಟ ಕೆಳಗಿಟ್ಟು, ಟೀ ಆರುತ್ತದೆ ಕುಡಿ ಎಂದರು. ಮೀಸೆಯ ಹಟದ ಹಿಂದೆ ಇನ್ನೇನೋ ಇದೆ ಎಂದು ನನಗೆ ಆಗ ಮೊದಲ ಸಲ ಅನ್ನಿಸಿತು. ಆದರೆ ಅದೇನೆಂದು ಹೊಳೆಯಲಿಲ್ಲ.

ಗಡುವಿನ ಕೊನೆಯ ದಿನ ಬಂತು. ಮಾವ ಬೆಳಿಗ್ಗೆ ಬಾವಿ ಹೊಲಕ್ಕೆ ಹೋಗಿ ಒಂದು ಸುತ್ತು ಹಾಕಿ, ಬಾವಿಯ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತು, ಏನೂ ಆಗದವರಂತೆ ಬಂದು ಜೀಪು ಹತ್ತಿದರು. ಅವರು ತೀರ್ಮಾನ ಮಾಡಿಬಿಟ್ಟಿದ್ದಾರೆ, ಹೊಲ ಬಿಟ್ಟಾರು, ಆ ಮಾತು ಬರೆಸಲಾರರು ಎಂದು ನನಗೆ ಗೊತ್ತಾಯಿತು. ಅಷ್ಟರಲ್ಲಿ ಅತ್ತೆ ಸೀರೆ ಬದಲಾಯಿಸಿಕೊಂಡು ಬಂದು, ಕಣ್ಣು ತೋರಿಸಿಕೊಂಡು ಬರಬೇಕು, ನಾನೂ ಬರುತ್ತೇನೆ ಎಂದಳು. ಮಾವ ಇವತ್ತು ಬೇಡ ಎಂದರು. ಅತ್ತೆ ಹೂಂ ಎಂದಳು. ಹೂಂ ಎಂದವಳೇ ಬಂದು ಮುಂದಿನ ಸೀಟಿನಲ್ಲಿ ಕೂತಳು.

ವಕೀಲಮ್ಮನ ಆಫೀಸಿನಲ್ಲಿ ಅತ್ತೆಯನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಲು ಮಾವ ಬಹಳ ಪ್ರಯತ್ನಪಟ್ಟರು. ಒಳಗೆ ಸೆಕೆ ಎಂದರು. ಹೊರಗೆ ಇನ್ನೂ ಸೆಕೆಯಿತ್ತು. ಅತ್ತೆ ಒಳಗೇ ಬಂದು ಬೀರುವಿನ ಪಕ್ಕದಲ್ಲಿ ಕೂತಳು. ವಕೀಲಮ್ಮ ಅಫಿಡವಿಟ್ಟನ್ನು ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳುತ್ತಾ ಬಂದರು. ಸಾಲ ಪಡೆದಿಲ್ಲ, ಬಾಕಿ ಅವರದೇ, ಬೀಗದ ಕೈ ಕಿತ್ತುಕೊಂಡರು, ಖಾಲಿ ಪ್ರೋನೋಟು ಮುಂದಿಟ್ಟರು. ಖಾಲಿ ಬಿಟ್ಟ ಸಾಲಿಗೆ ಬಂದು ನಿಂತರು. ಏನು ಬರೆಯಲಿ ಎಂದು ಮಾವನ ಮುಖ ನೋಡಿದರು. ಮಾವ ಕ್ಯಾಲೆಂಡರ್ ನೋಡಿದರು. ಟೈಪ್ ಮಾಡುವವನು ಬೆರಳು ಎತ್ತಿ ಹಿಡಿದು ಕೂತಿದ್ದ.

“ಬರ್ಕಳಿ ತಾಯಿ,” ಎಂದಳು ಅತ್ತೆ. “ಇವ್ರು ಎದುರುದ್ರು.”

ಮಾವ ತಿರುಗಿದರು. ಮೂವತ್ತು ನಲವತ್ತು ವರ್ಷ ಹೂಂ ಎಂದ ಬಾಯಿಂದ ಇನ್ನೊಂದು ಮಾತು ಬಂದರೆ ಯಾರಾದರೂ ತಿರುಗಲೇಬೇಕು. ನಿನಗೇನು ಗೊತ್ತು, ಕಣ್ಣು ಕಟ್ಟಿತ್ತು, ನೀನು ನಿದ್ದೆ ಮಾಡುತ್ತಿದ್ದೆ ಎಂದರು.

“ಕಣ್ಣು ಕಟ್ಟಿತ್ತು, ಕಿವಿ ಕಟ್ಟಿತ್ತಾ?” ಎಂದಳು ಅತ್ತೆ. “ಈ ಕಣ್ಣು ಕಾಣ್ದೋಳ್ನ ಇಲ್ಲೇ ಕಾಡಂಚ್ಲಿ ಇಳ್ಸಿ ಗಾಡಿ ತಗಂಡೋಯ್ತೀವಿ ಅಂದ ಅವ್ನು. ನೀವು ಬಂದು ನನ್ ಕೈ ಇಡ್ಕಂಡ್ರಿ. ಆ ಕೈ ನಡುಗ್ತಿತ್ತು. ಇನ್ನೊಂದ್ ಕೈಲಿ ಸೈ ಆಕುದ್ರಿ.”

ಎಚ್ಚರ ಇದ್ದವಳು ಅವತ್ತೇ ಯಾಕೆ ಹೇಳಲಿಲ್ಲ ಎಂದು ನಾನೇ ಕೇಳಿದೆ. ಅತ್ತೆ ನನಗೆ ಹೇಳಲಿಲ್ಲ, ವಕೀಲಮ್ಮನಿಗೂ ಹೇಳಲಿಲ್ಲ, ನೆಲ ನೋಡಿಕೊಂಡು ಹೇಳಿದಳು. ತಾನು ಎದ್ದಿದ್ದೇನೆ ಎಂದು ಗೊತ್ತಾದರೆ ಹೆಂಡತಿಯ ಎದುರಿಗೆ ಮಾನ ಹೋಯಿತೆಂದು ಇವರು ಆ ಮಂಡಿಯವರ ಮೇಲೆ ಬಿದ್ದುಬಿಡುತ್ತಿದ್ದರು. ಅವರು ನಾಲ್ಕೈದು ಜನ. ಅದಕ್ಕೇ ನಿದ್ದೆ ಮಾಡಿದಂತೆ ಇದ್ದೆ ಎಂದಳು. ಅಷ್ಟಕ್ಕೇ ನಿಲ್ಲಿಸಲಿಲ್ಲ. ಆನೆ ಓಡಿಸಿ ಬಂದ ದಿನವೆಲ್ಲ ಕೈಕಾಲು ತೊಳೆಯುವಾಗ ಇವರ ಕೈಯಲ್ಲಿ ಚೊಂಬು ನಡುಗುವುದನ್ನು ಮದುವೆಯಾದ ವರ್ಷದಿಂದ ನೋಡಿದ್ದೇನೆ, ಅದಕ್ಕೇ ಕೇಳುವ ಮೊದಲೇ ಬಿಸಿನೀರು ಕಾಯಿಸಿಡುತ್ತಿದ್ದೆ ಎಂದಳು.

“ಎದುರ್ಕಂಡ್ರೂ ಓಯ್ತಿದ್ರಲ್ಲ,” ಎಂದಳು. “ನಂಗ ಅಷ್ಟು ಸಾಕಾಗಿತ್ತು.”

ಮಾವನ ಮುಖ ಹೇಗಿತ್ತೆಂದು ಹೇಳಲಾರೆ, ನಾನು ನೋಡಲಿಲ್ಲ. ನನ್ನ ಕಣ್ಣಿಗೇ ಧೂಳು ಬಿದ್ದಿತ್ತು. ಅವರ ದನಿ ಮಾತ್ರ ಕೇಳಿಸಿತು.

“ನಿಂಗ ಗೊತ್ತಾದ್ರ ನೀನು ಈ ದಾರೀಲಿ ಮತ್ತ ಇಳಿಯಲ್ಲ ಅಂದ್ಬುಡ್ತಿದ್ದೆ, ಅಮ್ಮಿ. ಇನ್ನೊಂದು ಕಣ್ಣು ಆಗೇ ಉಳ್ದೋಯ್ತದ ಅಂತ ಏಳ್ನಿಲ್ಲ,” ಎಂದರು.

ಅತ್ತೆಯ ಇನ್ನೊಂದು ಕಣ್ಣಿನ ಪೊರೆ ಇನ್ನೂ ಹಾಗೇ ಇತ್ತು. ಡಾಕ್ಟರು ಕೆಲವು ತಿಂಗಳು ಬಿಟ್ಟು ಬನ್ನಿ ಎಂದಿದ್ದರು. ಮಾವ ಬಾವಿ ಹೊಲವನ್ನು ಪಣಕ್ಕಿಟ್ಟಿದ್ದು ತಮ್ಮ ಮೀಸೆಗಾಗಿ ಅಲ್ಲ, ಆ ಕಣ್ಣಿಗಾಗಿ. ಇಷ್ಟು ದಿನ ನಾನು ಇದನ್ನು ಅವರ ಹಟ ಎಂದುಕೊಂಡಿದ್ದೆ. ಹಟವೂ ಇತ್ತು, ಇಲ್ಲವೆಂದರೆ ಸುಳ್ಳಾದೀತು. ಆದರೆ ಹಟದ ಅಡಿಯಲ್ಲಿ ಅವರು ಬಚ್ಚಿಟ್ಟುಕೊಂಡಿದ್ದದ್ದು ಇದನ್ನು.

ಅತ್ತೆ ಅವರ ಮುಖ ನೋಡಿ ಹೂಂ ಎಂದಳು. ವಕೀಲಮ್ಮ ಟೈಪ್ ಮಾಡುವವನಿಗೆ ಸನ್ನೆ ಮಾಡಿದರು. ಖಾಲಿ ಸಾಲು ತುಂಬಿತು. ಅತ್ತೆಯೂ ತಾನು ಕೇಳಿದ್ದನ್ನು ಇನ್ನೊಂದು ಅಫಿಡವಿಟ್ಟಿನಲ್ಲಿ ಹೇಳಿ ಹೆಬ್ಬೆಟ್ಟು ಒತ್ತಿದಳು.

ಅರ್ಜಿ ವಿಚಾರಣೆಗೆ ಬಂದ ದಿನ ನಾನೂ ಹಿಂದಿನ ಬೆಂಚಿನಲ್ಲಿದ್ದೆ. ವಕೀಲರಿಬ್ಬರೂ ಮಾತಾಡಿದರು. ಸಾಹುಕಾರನ ವಕೀಲರು ಮಾವನ ಮೀಸೆಯ ಕಡೆ ಕೈ ತೋರಿಸಿ, ಇಂಥ ಆಳು ಹೆದರಿದರು ಎಂದರೆ ಯಾರು ನಂಬುತ್ತಾರೆ ಎಂದು ಕೇಳಿದರು. ಮಾವನ ಜೀವಮಾನದಲ್ಲಿ ಅದಕ್ಕಿಂತ ದೊಡ್ಡ ಪ್ರಶಂಸೆ ಅವರಿಗೆ ಸಿಕ್ಕಿರಲಿಲ್ಲ, ಆ ದಿನ ಅದನ್ನು ಒಪ್ಪಿಕೊಳ್ಳುವ ಹಾಗಿರಲಿಲ್ಲ! ನ್ಯಾಯಾಧೀಶರು ಕಾಗದದಿಂದ ತಲೆಯೆತ್ತಿ, ಇದರಲ್ಲಿ ಬರೆದಿರುವುದು ನಿಜವೇ ಎಂದು ಮಾವನನ್ನೇ ಕೇಳಿದರು. ಮಾವ ಎದ್ದು ನಿಂತರು. ಹೆಗಲ ಮೇಲಿನ ಟವೆಲ್ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. ಅತ್ತೆಯ ಕಡೆ ಒಮ್ಮೆ ನೋಡಿದರು.

“ಪಯಂದೇನ್ ಐಯಾ,” ಎಂದರು. ಹೆದರಿದೆ ಸ್ವಾಮಿ ಎಂದು, ತಮಿಳಿನಲ್ಲಿ.

ಅನುಮತಿ ಸಿಕ್ಕಿತು. ಯಾವ ಷರತ್ತೂ ಇಲ್ಲದೆ ಸಿಕ್ಕಿತು. ಸಿಕ್ಕಿದ್ದು ಗೆಲುವಲ್ಲ, ಜಗಳವಾಡಲು ಪರವಾನಗಿ ಅಷ್ಟೇ, ಜಗಳ ಇನ್ನೂ ನಡೆಯುತ್ತಲೇ ಇದೆ. ಆದರೆ ಬಾವಿ ಹೊಲದಲ್ಲಿ ಈ ಸಲವೂ ಚೆಂಡುಹೂವು ಅರಳಿತು. ಹೊರಗೆ ಬಂದ ಮೇಲೆ ನಾನು ಮಾವನನ್ನು ಸ್ವಲ್ಪ ಕಾಡಿದೆ. ಕೊನೆಗೂ ಹೇಳಿದಿರಲ್ಲ ಎಂದೆ. ಅವರು ಟವೆಲನ್ನು ಮತ್ತೆ ಹೆಗಲಿಗೇರಿಸಿ, ಕೋರ್ಟು ಗೌರ್ಮೆಂಟಿನದು, ಅಲ್ಲಿ ತಮಿಳಿನಲ್ಲಿ ಹೇಳಿದ್ದು ಅಲ್ಲಿಗೇ ಆಯಿತು, ಕನ್ನಡದಲ್ಲಿ ನಾನು ಇವತ್ತಿನವರೆಗೂ ಹೆದರಿಲ್ಲ ಎಂದರು. ಅತ್ತೆ ಹೂಂ ಎಂದಳು. ಈ ಸಲ ಆ ‘ಹೂಂ’ನಲ್ಲಿ ನಗು ಇದ್ದುದು ನನಗೂ ಕೇಳಿಸಿತು.

ಮೊನ್ನೆ ಅತ್ತೆಯ ಎರಡನೆಯ ಕಣ್ಣಿನ ಆಪರೇಷನ್ ಆಯಿತು. ಘಾಟಿಯ ತಿರುವು ತಿರುವಿಗೂ ಹಾರ್ನ್ ಹೊಡೆದುಕೊಂಡು ಇಳಿದೆವು. ಮಂಡಿಯ ಮುಂದೆ ಹಾದುಹೋಗುವಾಗ ಅತ್ತೆ ತಾನಾಗಿಯೇ ಕಿಟಕಿಯ ಗಾಜು ಇಳಿಸಿ ಆ ಕಡೆ ನೋಡುತ್ತಾ ಕೂತಳು. ಆಸ್ಪತ್ರೆಯಲ್ಲಿ ಹಸಿರು ಅಂಗಿ ತೊಡಿಸಿ, ಹಣೆಯ ಮೇಲೆ ಪಟ್ಟಿ ಅಂಟಿಸಿ ಅವಳನ್ನು ಒಳಗೆ ಕರೆದುಕೊಂಡು ಹೋದರು. ಬಾಗಿಲು ಮುಚ್ಚಿತು. ನಾನೂ ಮಾವನೂ ಹೊರಗಿನ ಬೆಂಚಿನ ಮೇಲೆ ಕೂತೆವು. ಮಾವ ಅವತ್ತು ಆನೆಯ ಕಥೆ ಹೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ನನ್ನ ಕೈ ಹಿಡಿದುಕೊಂಡರು. ಅತ್ತೆ ಹೇಳಿದ್ದು ನಿಜ, ಆ ಕೈ ನಡುಗುತ್ತಿತ್ತು. ಚಳಿಯೇ ಮಾವ ಎಂದು ಕೇಳಿದೆ, ಅವರಿಗೆ ಒಂದು ದಾರಿ ಇರಲಿ ಎಂದು.

ಮಾವ ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದರು.

“ಇಲ್ಲ ಕಣವ್ವ,” ಎಂದರು. “ಎದ್ರಿಕ ಆಯ್ತದ.”

ಕನ್ನಡದಲ್ಲೇ ಹೇಳಿದರು.